ತೂಕದ ಕಲ್ಲು

ಇಪ್ಪತ್ತೊಂಬತ್ತು ವರ್ಷ ಅಂಗಡಿಯಂಗಡಿ ಅಲೆದು
ತಕ್ಕಡಿಗಳ ಸುಳ್ಳು ಹಿಡಿದವನು ನಾನು, ಗೆಥಿನ್.
ಕಾರ್ಡಿಗನ್ನಿನ ಮೀನಂಗಡಿ, ಲ್ಯಾಂಪೆಟರಿನ ಕುರಿಸಂತೆ,
ಕಲ್ಲಿದ್ದಲು ಮಾರುವ ಮುದುಕನ ತುಕ್ಕುತಟ್ಟೆ;
ಜೊತೆಗೆ, ಮಖಮಲ್ಲಿನ ಪೆಟ್ಟಿಗೆಯಲ್ಲಿ, ಹಿತ್ತಾಳೆಯ ಕಲ್ಲುಗಳು.
ಒಂದು ಗ್ರಾಂ ತಪ್ಪಿದರೂ ನನಗೆ ಗೊತ್ತಾಗುತ್ತಿತ್ತು.
ಮನೆಯಲ್ಲಿ ನೆರಿಸ್ ಅತ್ತರೆ
ಈರುಳ್ಳಿಯೇ, ಎಂದು ಕೇಳುತ್ತಿದ್ದೆ.

"ಕಲ್ಲು ನೀನು," ಎಂದಳೊಮ್ಮೆ.
"ಎಷ್ಟು ತೂಕದ್ದು?" ಎಂದೆ.
ತಮಾಷೆಗಲ್ಲ. ನಿಜಕ್ಕೂ ತಿಳಿಯಬೇಕಿತ್ತು.
ಆ ರಾತ್ರಿ ನಮ್ಮಿಬ್ಬರ ನಡುವೆ
ಒಂದು ದಿಂಬು ಬಂದು ಮಲಗಿತು.

ಮನಸ್ಸು ಬಿಚ್ಚಿ ಮಾತಾಡು ಎನ್ನುವಳು.
ಬಿಚ್ಚಲು ಗಂಟೆಲ್ಲಿದೆ ಎಂದು ಹುಡುಕುತ್ತಿದ್ದೆ.

ಅವಳ ಅಮ್ಮನನ್ನು ಮಣ್ಣು ಮಾಡಿದ ದಿನ
ಚಾಪೆಲ್ಲಿನ ಹಲಗೆಯಲ್ಲಿ ಕೀರ್ತನೆಯ ಸಂಖ್ಯೆ ತಪ್ಪಿತ್ತು,
ಮುನ್ನೂರ ಎಪ್ಪತ್ತನಾಲ್ಕರ ಜಾಗದಲ್ಲಿ ಮುನ್ನೂರ ನಲವತ್ತೇಳು.
ಎಲ್ಲರೂ ತಲೆಬಾಗಿದ್ದಾಗ ನಾನೊಬ್ಬ ಎದ್ದೆ,
ಬೂಟು ಟಕಟಕ ಎನ್ನುತ್ತ ಹೋಗಿ ಸರಿಪಡಿಸಿ ಬಂದೆ.
ಹನ್ನೊಂದು ದಿನ ಮಾತಿಲ್ಲ.
ಸಂಖ್ಯೆ ಸರಿಯಾಯಿತಲ್ಲ,
ಎಂದುಕೊಂಡೆ ಹನ್ನೊಂದು ದಿನವೂ.

ಗ್ರಂಥಾಲಯದ ಬಾಗಿಲಲ್ಲಿ ಹರಿದ ಪುಸ್ತಕಗಳ ಗಾಡಿ,
ಯಾವುದಾದರೂ ಐವತ್ತು ಪೆನ್ಸ್.
ಚಹಾದ ಕಲೆಬಿದ್ದ ಒಂದರ ಕೊನೆಗೆ ಪ್ರಶ್ನೆಗಳಿದ್ದವು.
ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತ ಹೋದೆ.
(ಎರಡು ಪ್ರಶ್ನೆಗಳು ಸರಿಯಿಲ್ಲವೆಂದು ಪ್ರಕಾಶಕರಿಗೆ ಬರೆದೆ.)
ಮೂರು ಸಲ ತೂಗದೆ ಮುದ್ರೆ ಒತ್ತುವವನಲ್ಲ:
ಬೆಳಿಗ್ಗೆ ಒಮ್ಮೆ, ಊಟವಾದ ಮೇಲೊಮ್ಮೆ,
ಮರುವಾರ ನಿದ್ದೆ ಬಾರದ ಹೊತ್ತಿನಲ್ಲೊಮ್ಮೆ.
ಮುಳ್ಳು ಅಲ್ಲಿಯೇ ನಿಂತಿತು.
ಆಸ್ಪರ್ಜರ್.
ಐವತ್ತೇಳನೆಯ ವಯಸ್ಸಿನಲ್ಲಿ
ಯಾರದೋ ಹೆಸರಿನ ಪದವೊಂದು
ನನ್ನಳತೆಗೇ ಹೊಲಿದ ಕೋಟಿನ ಹಾಗೆ,
ಕಂಕುಳಲ್ಲಿ ಮಾತ್ರ ತುಸು ಚುಚ್ಚುತ್ತಿತ್ತು.

ವೈದ್ಯರ ಸರದಿ ನಾಲ್ಕು ವರ್ಷ ಉದ್ದ.
ಮುದ್ರೆಯಿಲ್ಲದ ತಕ್ಕಡಿಯಲ್ಲಿ ವ್ಯಾಪಾರ ಅಪರಾಧ,
ಎಷ್ಟು ಜನರಿಗೆ ದಂಡ ಹಾಕಿದ್ದೇನೆ!
ಆದರೂ ಆ ಸಂಜೆ, ಮುದ್ರೆಯಿಲ್ಲದೆಯೇ,
ನನ್ನನ್ನು ತೆಗೆದು ಅವಳ ಮುಂದಿಟ್ಟೆ.

ಸೂಪಿನ ಪಾತ್ರೆ ತಿಕ್ಕುತ್ತಿದ್ದಳು.
ತಿಕ್ಕಿದ್ದನ್ನೇ ತಿಕ್ಕಿದಳು.
"ನಿನಗೊಂದು ಹೆಸರು ಸಿಕ್ಕಿತು. ಒಳ್ಳೆಯದು.
ನಾನು ಅತ್ತದ್ದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?
ನನ್ನನ್ನು ನಾನೇ ಕಡಿಮೆ ತೂಗಿಕೊಂಡ ವರ್ಷಗಳನ್ನು?"
ಉತ್ತರವಿರಲಿಲ್ಲ. ಉತ್ತರವಿಲ್ಲ ಎಂದೆ.
ತಂಗಿ ಎಲೀನೆಡ್‌ಳ ಮನೆಗೆ ಹೋದಳು, ನಾಲ್ಕು ರಾತ್ರಿ.
ಅವಳ ಬೂಟುಗಳಿದ್ದಲ್ಲಿ
ಒಣಕೆಸರಿನ ಎರಡು ಗುರುತು.
ಗುಡಿಸಲಿಲ್ಲ.

ಬಂದದ್ದು ನಿನಗಾಗಿ ಅಲ್ಲ, ನಾಯಿಯ ಔಷಧಿಗಾಗಿ, ಎಂದಳು.
ನಂಬಿದೆ. ಹೇಳಿದ್ದನ್ನು ನಂಬುವವನು ನಾನು.
ಆಮೇಲೆ, ಕೋಟು ಕಳಚದೆಯೇ:
"ನಾನು ಮುಟ್ಟಿದರೆ ಹೇಗಾಗುತ್ತದೆ ನಿನಗೆ?
ಪುಸ್ತಕದ್ದಲ್ಲ. ನಿನ್ನದು ಹೇಳು."
ಹೇಳಿದೆ. ಬೆರಳ ತುದಿಯಲ್ಲಿ ನೀನು ನೇವರಿಸಿದರೆ
ಬೆನ್ನ ಮೇಲೆ ಇರುವೆಸಾಲು.
ಓಡಿಹೋಗಬಾರದೆಂದು ಹಲ್ಲು ಕಚ್ಚಿರುತ್ತೇನೆ.
ಮುಖ ಓದಲು ಬಾರದ ನನಗೂ
ಆ ಮುಖ ಓದಲು ಬಂತು.
ಇಷ್ಟು ವರ್ಷ ಹಗುರವಾಗಿ, ನೋಯದ ಹಾಗೆ,
ಅವಳು ಕೊಟ್ಟದ್ದೆಲ್ಲ...
"ಮತ್ತೇನು ಬೇಕಿತ್ತು, ಹೇಳಬಾರದಿತ್ತೆ?"
"ಭಾರ," ಎಂದೆ.

ಅವತ್ತು ದಿಂಬು ನೆಲಕ್ಕೆ ಬಿತ್ತು.
ಮೈಯೆಲ್ಲ ಸಡಿಲ ಬಿಟ್ಟು ನನ್ನ ಮೇಲೆ ಮಲಗಿದಳು,
ಅರವತ್ತೆಂಟು ಕಿಲೋ, ಉಣ್ಣೆಯ ಕಾಲುಚೀಲ ಸೇರಿ.
ಹುಟ್ಟಿದಂದಿನಿಂದ ಅಲ್ಲಾಡುತ್ತಿದ್ದ ತಟ್ಟೆಯೊಂದು
ನನ್ನೊಳಗೆ ನಿಂತಿತು.

ಹಾಗಂತ ಎಲ್ಲ ಸರಿಹೋಗಿಲ್ಲ.
ಅವಳಿಗೆ ಈಗಲೂ ಕೆಲವೊಮ್ಮೆ ಹಗುರವೇ ಬೇಕು.
ಆಗ ಎಣಿಸುತ್ತೇನೆ. ನಿನ್ನೆ ಹತ್ತೊಂಬತ್ತರವರೆಗೆ ತಡೆದೆ.
ತುಟಿ ಅಲುಗಿದ್ದು ತಿಳಿದಿರಬೇಕು,
ಕುತ್ತಿಗೆಯಿಂದ ಕೈ ತಾನೇ ತೆಗೆದಳು.
ಕತ್ತಲಲ್ಲಿ ಉಸಿರಿನದೊಂದು ಸದ್ದು,
ನಗುವೋ ನಿಟ್ಟುಸಿರೋ ಗೊತ್ತಾಗಲಿಲ್ಲ.
ಮೊದಲಾದರೆ ಸುಮ್ಮನಿರುತ್ತಿದ್ದೆ.
ಕೇಳಿದೆ.
"ಎರಡೂ," ಎಂದಳು.