ಹತ್ತರಿಂದ ನಾಲ್ಕು

ಕಾಗದದಲ್ಲಿ ಬರೆದಿರುವುದು ಇಷ್ಟೇ:
ಪ್ರತಿ ಭಾನುವಾರ, ಬೆಳಿಗ್ಗೆ ಹತ್ತರಿಂದ ನಾಲ್ಕು.
ಎಲ್ಲಿ ಕೂರಬೇಕು, ಏನು ತಿನ್ನಬೇಕು
ನ್ಯಾಯಾಧೀಶರು ಹೇಳಿಲ್ಲ.

ಸೌತ್ ಎಂಡ್ ಮೆಟ್ರೋ ಮೆಟ್ಟಿಲ ಬುಡದಲ್ಲಿ
ಅವಳಮ್ಮ ಬೆರಳು ಬಿಡುತ್ತಿದ್ದಳು, ನಾನು ಹಿಡಿಯುತ್ತಿದ್ದೆ.
ನಡುವೆ ಒಂದೆರಡು ಹೆಜ್ಜೆ
ಮೇದಿನಿ ಯಾರ ಕೈಯಲ್ಲೂ ಇರುತ್ತಿರಲಿಲ್ಲ.

ನನ್ನ ರೂಮು ಚಿಕ್ಕಪೇಟೆ, ಕನ್ನಡಕದಂಗಡಿಯ ಅಟ್ಟ.
ಗಾಜು ಉಜ್ಜಿದ ಪುಡಿ ಹಾಸಿಗೆಯ ಮೇಲೂ.
ಮಗು ಕೂರುವ ಜಾಗವಲ್ಲ.
ಅದಕ್ಕೇ ಊರನ್ನೇ ಮನೆ ಎಂದು ತೋರಿಸಿದೆ:
ಲಾಲ್‌ಬಾಗಿನ ಬಂಡೆ ನಮ್ಮ ಜಗಲಿ ಕಣೆ,
ಗಾಂಧಿ ಬಜಾರಿನ ದರ್ಶಿನಿ ಅಡುಗೆಮನೆ,
ನಿಂತೇ ತಿನ್ನಬೇಕು, ನಮ್ಮನೇಲಿ ಕುರ್ಚಿ ಕಮ್ಮಿ.
ಕಬ್ಬನ್ ಪಾರ್ಕಿನ ಬಿದಿರುಮೆಳೆ ನಿನ್ನ ಕೋಣೆ.
'ಬಾಗಿಲೆಲ್ಲಿ?' ಅಂದಳು.
ಆಗ ಆರು ವರ್ಷ, ಮುಂದಿನ ಹಲ್ಲೆರಡೂ ಇರಲಿಲ್ಲ,
ಮಾತೆಲ್ಲ ಆ ಬಾಗಿಲಿಂದಲೇ ಗಾಳಿಯಾಗಿ ಬರುತ್ತಿತ್ತು.

ದರ್ಶಿನಿಯಲ್ಲಿ ಚೌಚೌ ಬಾತ್.
ಎರಡು ಗುಡ್ಡೆ, ಒಂದು ಸಿಹಿ, ಒಂದು ಖಾರ,
ಒಂದಕ್ಕೊಂದು ತಾಗಿದರೆ ಮುಟ್ಟುತ್ತಿರಲಿಲ್ಲ ಅವಳು.
ಚಮಚದಲ್ಲಿ ನಡುವೆ ರಸ್ತೆ ಮಾಡಿ
ಒಣದ್ರಾಕ್ಷಿಗಳನ್ನು ಅಂಚಿನಲ್ಲಿ ಸಾಲು ನಿಲ್ಲಿಸುತ್ತಿದ್ದಳು.
'ಬಸ್ಸಿಗೆ ಕಾಯ್ತಿವೆ.'
ಅವೆಲ್ಲ ನನ್ನ ಪಾಲು.
ಕಾಫಿ ಕೌಂಟರಿನ ರಾಚಪ್ಪ
ಎತ್ತರದಿಂದ ಹಾಲು ಸುರಿದು ಅವಳಿಗೊಂದು ನೊರೆಲೋಟ ಕೊಡುತ್ತಿದ್ದ,
ಬರೀ ನೊರೆ, ಲೆಕ್ಕಕ್ಕಿಲ್ಲ.

ಮಳೆಯ ಭಾನುವಾರಗಳಲ್ಲಿ
ಹಸಿರು ಗೆರೆಯ ಮೆಟ್ರೋ, ಈ ತುದಿಯಿಂದ ಆ ತುದಿ.
ಇಳಿಯಲು ಎಲ್ಲೂ ಕೆಲಸವಿಲ್ಲ.
ಯಶವಂತಪುರದ ಮೇಲೆ ಹಾದಾಗ
ತಾರಸಿಗಳಲ್ಲಿ ನೆನೆಯುವ ಬಟ್ಟೆ ಎಣಿಸುತ್ತಿದ್ದೆವು.
ಯಾರೂ ಎತ್ತಿಕೊಳ್ಳದ ಒಂದು ಕೆಂಪು ಲಂಗ
ಎರಡು ವಾರ ಅಲ್ಲೇ ಇತ್ತು.

ಹನ್ನೊಂದಾದಾಗ ಅಂದಳು, 'ಅಪ್ಪ, ಬ್ರಂಚ್‌ಗೆ ಹೋಗೋಣ.'
'ಹಾಗಂದ್ರೆ?'
'ತಿಂಡೀನೂ ಅಲ್ಲ, ಊಟಾನೂ ಅಲ್ಲ. ಮಧ್ಯದ್ದು.'
ಐದು ವರ್ಷದಿಂದ ನಾವು ತಿನ್ನುತ್ತಿದ್ದುದಕ್ಕೆ
ಕೊನೆಗೂ ಒಂದು ಹೆಸರು ಸಿಕ್ಕಿತು.

ಇಂದಿರಾನಗರ, ಹಳೇ ಬಂಗಲೆ, ಅಂಗಳದಲ್ಲಿ ಸಂಪಿಗೆ ಮರ,
ಮರಕ್ಕೆ ಬಲ್ಬಿನ ಸರ, ಹಗಲಲ್ಲೂ ಉರಿಯುತ್ತಿದೆ.
ಸುಟ್ಟ ಬ್ರೆಡ್ಡಿನ ಮೇಲೆ ಬೆಣ್ಣೆಹಣ್ಣು ಸವರಿ
ನಾನೂರ ಅರವತ್ತು, ತೆರಿಗೆ ಬೇರೆ.
ನಮ್ಮ ಬೀದಿಯ ಜ್ಯೂಸಿನವನು ಕೇಳಿದರೆ ಎದೆ ಒಡೆದುಕೊಂಡಾನು.
ನಾನೇನೂ ಹೇಳಲಿಲ್ಲ. ಅವಳಿಗೆ ಕೇಳಿಸಿತು.
'ಹಂಚ್ಕೊಳ್ಳೋಣ' ಅಂದಳು.

ತಟ್ಟೆ ತಂದ ಹುಡುಗನ ಕನ್ನಡಕ ಮೂಗಿನಿಂದ ಜಾರುತ್ತಿತ್ತು,
ಬಲಗಡೆಯ ತಿರುಪು ಸಡಿಲ.
ನನ್ನ ಜೇಬಿನಲ್ಲಿ ಯಾವಾಗಲೂ ಸಣ್ಣ ಸ್ಕ್ರೂಡ್ರೈವರು.
'ಅಪ್ಪ, ಬೇಡ' ಅಂದಳು ಮೇದಿನಿ, ಮೇಜಿನ ಕೆಳಗೆ ಒದ್ದು.
ಕೈ ಚಾಚಿದೆ. ಅವನು ಕೊಟ್ಟ.
ಎರಡು ಸುತ್ತು. ಬಟ್ಟೆಯಲ್ಲಿ ಒರೆಸಿ ಹಾಕಿಸಿದೆ.
ಅವನು ಮೊದಲು ಮರ ನೋಡಿದ, ಆಮೇಲೆ ನಮ್ಮನ್ನು.
ಎದೆಯ ಮೇಲಿನ ಹೆಸರು ಓದಿದಳು, ಲಾಲ್‌ರುವಾತ.
ಯಾವೂರು? ಮಿಜೋರಾಂ. ಮನೆಗೆ ನಾಲ್ಕು ದಿನದ ದಾರಿ.
ಬಿಲ್ಲಿನ ಜೊತೆ ಒಂದು ತುಂಡು ಕೇಕು ಬಂತು,
ಲೆಕ್ಕಕ್ಕಿಲ್ಲ.
'ನೊರೆಲೋಟ' ಅಂದಳು ಮೇದಿನಿ, ಮೆಲ್ಲಗೆ.

ಈ ವಾರ ನಾಲ್ಕಾದರೂ ಅವಳಮ್ಮ ಬರಲಿಲ್ಲ.
ನಾಲ್ಕೂ ಐದು. ನಾಲ್ಕೂ ಹದಿನೈದು.
ಇದು ಯಾರ ಹೊತ್ತು, ತಿಳಿಯದೆ ನಿಂತೆವು.
ಬಂದಳು, ಬೆವರಿ, ಸಿಲ್ಕ್ ಬೋರ್ಡಿನ ಟ್ರಾಫಿಕ್ಕು ಎನ್ನುತ್ತ.
ಮೂಲೆಯ ಕಾಫಿ ಗೂಡಿಗೆ ತಿರುಗಿ ಮೇದಿನಿ
ದೊಡ್ಡವರ ದನಿಯಲ್ಲಿ ಕೂಗಿದಳು, 'ಟೂ ಬೈ ತ್ರೀ!'
ಎರಡು ಕಾಫಿ ಮೂರು ಲೋಟವಾಯಿತು.
ನಿಂತೇ ಕುಡಿದೆವು. ಯಾರೂ ಮಾತಾಡಲಿಲ್ಲ.
ಬಿಸಿಯಿತ್ತು, ಅದೇ ಕಾರಣ ಇರಬೇಕು.

ಅವಳಮ್ಮ ಚಿಲ್ಲರೆ ಹುಡುಕಿದಳು, ನಾನೂ ಹುಡುಕಿದೆ.
ಮೇದಿನಿ ತನ್ನ ಪರ್ಸಿಂದ ಕೊಟ್ಟು
ಯಾರ ಬೆರಳೂ ಹಿಡಿಯದೆ
ಮೆಟ್ಟಿಲು ಹತ್ತಿದಳು.