ಕೂಗಳತೆ

ಔಲು ಪಟ್ಟಣ. ಫೆಬ್ರವರಿ. ಸೊನ್ನೆಗಿಂತ ಇಪ್ಪತ್ತಮೂರು ಕೆಳಗೆ.
ಸಮುದ್ರ ಬಿಗಿದು ನೆಲವಾಗಿದೆ; ಅದರ ಮೇಲೆ
ತನೆಲಿ ನಡೆಯುತ್ತಿದ್ದಾನೆ, ಎದೆಯ ಜೇಬಿನಲ್ಲಿ ನಮ್ಮ ಫೋನು,
ಕೈಯಲ್ಲಿ ತನ್ನ ಗಾಳ.
ಗಂಟೆಗೆ ಹದಿನೆಂಟು ಯೂರೋ, ಮೇಲೆ ಎರಡು ಲೋಟ ಕಾಫಿ.
ಕೆಲಸ ಇಷ್ಟೆ: ನಡೆ. ನಿಲ್ಲು ಅಂದಲ್ಲಿ ನಿಲ್ಲು.

ಇಲ್ಲಿ ಉಗ್ರಾಣದ ಚಾವಣಿಯ ಮೇಲೆ ನಮ್ಮ ಹಲಗೆ:
ಸಾಲಿಗೆ ಎಂಟರಂತೆ ಅರುವತ್ತನಾಲ್ಕು ಆಂಟೆನಾ,
ಒಂದೊಂದೂ ಹೆಬ್ಬೆರಳ ಉಗುರಿನಷ್ಟು.
ಚದುರಂಗದ ಮನೆಗಳೇ ಸರಿ, ಕಾಯಿ ಮಾತ್ರ ಇಲ್ಲ;
ಕಾಯಿ ಅಲ್ಲಿ ಹಿಮದ ಮೇಲೆ ಮೂಗು ಒರೆಸಿಕೊಳ್ಳುತ್ತಿದೆ.

ಹಳಬರು ದೂರವನ್ನು ಕೂಗಿನಿಂದ ಅಳೆದರಂತೆ.
ನಾವೂ ಅಷ್ಟೆ. ಜೇಬು ಕೂಗುತ್ತದೆ, ಹಲಗೆ ಓಗೊಡುತ್ತದೆ,
ನಡುವಿನ ಹೊತ್ತನ್ನು ಎಣಿಸುತ್ತೇವೆ:
ಸೆಕೆಂಡನ್ನು ನೂರು ಕೋಟಿ ಚೂರು ಮಾಡಿ
ಚೂರಿಗೊಂದು ಅಡಿ.
ಮತ್ತೆ ದಿಕ್ಕು? ಅಲೆ ಬಂದು ತಾಕುವಾಗ
ಎಡದಂಚಿಗೆ ಕೊಂಚ ಮೊದಲು, ಬಲದಂಚಿಗೆ ಕೊಂಚ ತಡ.
ಪಂಕ್ತಿಯಲ್ಲಿ ಯಾರೆಲೆಗೆ ಮೊದಲು ಉಪ್ಪು ಬಿತ್ತು ನೋಡಿದರೆ ಸಾಕು,
ಬಡಿಸುವವನು ಯಾವ ಬಾಗಿಲಿಂದ ಬಂದ
ತಿಳಿಯುತ್ತದೆ.

"ತನೆಲಿ, ಎಲ್ಲಿ?"
"ಅದನ್ನು ನೀವಲ್ಲವೇ ಹೇಳಬೇಕಾದ್ದು?"
ಹಿಲ್ಕ ವಾಕಿಟಾಕಿ ಕೆಳಗಿಟ್ಟು ನಗುತ್ತಾಳೆ.
ತೆರೆಯ ಮೇಲೆ ಚುಕ್ಕಿ. ತಪ್ಪು, ಹನ್ನೊಂದು ಸೆಂಟಿಮೀಟರು.
ಅವನ ಉಣ್ಣೆ ಕೈಗವಸಿನ ಉದ್ದವೂ ಇಲ್ಲ.

ಮೂರನೆಯ ದಿನ ಚುಕ್ಕಿ ಎರಡಾಯಿತು.
ಒಂದು ಹಿಮದ ಮೇಲೆ. ಇನ್ನೊಂದು
ದಂಡೆಯಾಚೆ, ಮುಚ್ಚಿದ ಕಾಗದದ ಗಿರಣಿಯ ತಗಡು ಗೋಡೆಯ ಹಿಂದೆ,
ಗೋಡೆಗೆ ಅವನೆಷ್ಟು ದೂರವೋ ಅಷ್ಟೇ ಒಳಗೆ.
ಅವನು ಸರಿದರೆ ಅದೂ ಸರಿಯುತ್ತದೆ,
ಕನ್ನಡಿಗೆ ಮುಖ ತಂದ ಹಾಗೆ.
ಪ್ರತಿಫಲನ, ಅಂದೆ ನಾನು. ಗೋಡೆಗೆ ಬಡಿದು ಬಂದ ಕೂಗು.
ಬಡಪಾಯಿ ಯಂತ್ರಕ್ಕೆ ತಿರುವು ಗೊತ್ತಿಲ್ಲ,
ಬಂದ ದಾರಿಯನ್ನು ನೆಟ್ಟಗೆ ಹಿಂದಕ್ಕೆ ಎಳೆಯುತ್ತದೆ.

ಕಾಫಿಗೆ ಬಂದಾಗ ತೋರಿಸಿದೆವು: ನೋಡು, ನೀನು ಗಿರಣಿಯೊಳಗೆ.
ಅವನು ಕನ್ನಡಕ ಒರೆಸಿದ. ಹಬೆ ಕಟ್ಟಿತು. ಮತ್ತೆ ಒರೆಸಿದ.
ಗೋಡೆಯಿಂದ ಬೆರಳಿಟ್ಟು ಅಳೆದ.
"ಇದು ಎರಡನೇ ಯಂತ್ರದ ಜಾಗ. ಒಣಗಿಸುವ ಉರುಳೆಗಳು.
ಇಪ್ಪತ್ತೆರಡು ವರ್ಷ ಇಲ್ಲೇ ನಿಂತಿದ್ದೆ.
ಅಂಗಿ ಬಿಚ್ಚಿ ದುಡಿಯುವಷ್ಟು ಸೆಕೆ. ಫೆಬ್ರವರಿಯಲ್ಲೂ."
ಸಕ್ಕರೆ ಕಲಕಿದ.
"ನಿಮ್ಮದು ತಪ್ಪಲ್ಲ. ತಡ."

ಆ ಸಂಜೆ ಹಿಲ್ಕ ಒಂದು ಸಾಲನ್ನು ಅಳಿಸಿದಳು,
ತಡವಾಗಿ ಬಂದ ಕೂಗನ್ನು ಹೊರದಬ್ಬುವ ಸಾಲು.
ಗೋಡೆಯೂ ಒಂದು ಆಂಟೆನಾ ಅಂದುಕೊಳ್ಳೋಣ, ಅಂದಳು,
ನೇರ ದಾರಿಗೆ ಲಾರಿ ಅಡ್ಡ ನಿಂತ ದಿನ
ಅದೇ ಸಾಕ್ಷಿ ಹೇಳಲಿ.
ವರದಿಯಲ್ಲಿ ಅದಕ್ಕೆ ಎರಡು ಪುಟ, ಒಂದು ನಕ್ಷೆ.
ಉರುಳೆಗಳ ಸೆಕೆ ಇಲ್ಲ.

ಮುಂದೊಂದು ದಿನ ಇಂಥ ಹಲಗೆ ಕಂಬಕಂಬದಲ್ಲೂ.
ಯಾರು ಯಾವ ಬೆಂಚಿನ ಯಾವ ತುದಿಯಲ್ಲಿ, ಯಾರ ಪಕ್ಕ,
ಎಷ್ಟು ಬಿಟ್ಟು ಕೂತರು.
ಹೆಮ್ಮೆ ಇದೆ. ಕತ್ತಿನ ಹಿಂದೆ ಏನೋ ತಣ್ಣಗೂ ಇದೆ.
ಇದಕ್ಕಿಂತ ಹೆಚ್ಚು ಹೇಳಲು ನನಗೆ ಬಾರದು.

ಕೊನೆಯ ದಿನ ತನೆಲಿ ಫೋನನ್ನು
ಹೊರಗಿನ ಬೆಂಚಿನ ಮೇಲಿಟ್ಟು ಬೈರಿಗೆ ಹೆಗಲಿಗೇರಿಸಿದ.
"ಮೀನಿರುವ ಜಾಗ ತೋರಿಸುತ್ತದೆಯೇ?"
ಇಲ್ಲ, ನಮ್ಮ ಅಲೆ ನೀರಿಗೆ ಇಳಿಯದು.
"ಹಾಗಾದರೆ ಸರಿ," ಅಂದ,
ಯಾರ ಪರವಾಗಿಯೋ ಉಸಿರು ಬಿಟ್ಟ ಹಾಗೆ.

ತೆರೆಯಲ್ಲಿ ಚುಕ್ಕಿ ಬೆಂಚಿನ ಮೇಲೇ ಕೂತಿತ್ತು.
ತಪ್ಪು, ನಾಲ್ಕು ಸೆಂಟಿಮೀಟರು.
ಕಿಟಕಿಯಲ್ಲಿ, ಬಿಳಿಯ ಮೇಲೆ ಎಲ್ಲೋ, ಒಬ್ಬ ಬಗ್ಗಿ
ಬೈರಿಗೆ ತಿರುಗಿಸುತ್ತಿದ್ದ. ಅವನೇ ಇರಬೇಕು.
ಬೇರೆಯವನೂ ಇರಬಹುದು.