ಲೋಳೆ

ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ, ಬಿಸ್ಕತ್ತಿನ ಗೋಡೌನಿನ ಹಿಂದೆ
ಎರಡು ಕೋಣೆಯ ನಮ್ಮ ಕಾರ್ಖಾನೆ.
ಒಂಬತ್ತಕ್ಕೆ ಮೂಗಿಗೆ ಮಾಸ್ಕು ಕಟ್ಟಿ
ಕಾರ್ಬೊಮರ್ ತೂಗಲು ಕೂರುತ್ತೇನೆ.
ಹತ್ತಿಗಿಂತ ಹಗುರದ ಬಿಳಿ ಹುಡಿ,
ಫ್ಯಾನು ಹಾಕುವಂತಿಲ್ಲ, ಸೀನುವಂತಿಲ್ಲ,
ಜೋರಾಗಿ ನಗುವಂತೆಯೂ ಇಲ್ಲ.

ಲೀಟರು ನೀರಿಗೆ ಐದು ಗ್ರಾಂ.
ಜರಡಿ ಹಿಡಿದು ಸುಳಿಯ ಅಂಚಿಗೆ ಉದುರಿಸಬೇಕು.
ಅವಸರಪಟ್ಟರೆ ಗಂಟು: ಹೊರಗೆ ಒದ್ದೆ, ಒಳಗೆ ಹಿಟ್ಟು.
ಮುದ್ದೆ ತೊಳಸಿದವಳಿಗೆ ಇದನ್ನು ಹೇಳಿಕೊಡಬೇಕಿಲ್ಲ.
ಗಂಟೆ ನೆನೆದರೂ ಅದು ಬರೀ ಮಬ್ಬು ನೀರು, ಹುಳಿ ನೀರು.
ಆಮೇಲೆ ಕ್ಷಾರ, ಹನಿ ಹನಿಯಾಗಿ.
ಇಂಥದೇ ಹನಿಗೆ ಎನ್ನಲಾಗದು,
ಕಲಕುವ ಕಡ್ಡಿ ಒಮ್ಮೆ ತಡವರಿಸುತ್ತದೆ.
ಸುರುಳಿ ಮಲಗಿದ್ದ ಎಳೆಗಳೆಲ್ಲ
ಒಂದನ್ನೊಂದು ದೂಡಿಕೊಂಡು ಮೈ ಬಿಚ್ಚಿ
ನೀರನ್ನು ನಿಂತಲ್ಲೇ ನಿಲ್ಲಿಸುತ್ತವೆ.
ಸಿಕ್ಕಿಬಿದ್ದ ಗಾಳಿಗುಳ್ಳೆಗಳು ಮೇಲೇಳಲಾರದೆ ಅಲ್ಲಲ್ಲೇ.

ನಾಲ್ಕು ವರ್ಷವಾಯಿತು.
ಇನ್ನೂ ಆ ಹೊತ್ತಿಗೆ ನಾನು ಉಸಿರು ಹಿಡಿಯುತ್ತೇನೆ.

ದೊಡ್ಡವ್ವ ದ್ಯಾವೀರಮ್ಮ ಕೆರಗೋಡಿನಾಚೆಯ ಆಲೆಮನೆಯಲ್ಲಿ
ಒಲೆಗೆ ಸಿಪ್ಪೆ ನೂಕುವವಳು,
ಕುದಿವ ಕಬ್ಬಿನ ಹಾಲಿಗೆ
ಬೆಂಡೆಗಿಡ ಜಜ್ಜಿದ ಲೋಳೆ ಸುರಿದು
ಉಕ್ಕಿ ಬಂದ ಮಡ್ಡಿಯನ್ನು ಜಾಲರಿಯಲ್ಲಿ ಎತ್ತುವವಳು.
ಮೊಣಕೈವರೆಗೆ ಪಾಕ ಸಿಡಿದ ಕಲೆ,
ಅಂಗೈ ತುಂಬ ಬಿರುಕು.
ಭಾನುವಾರ ಅವಳಿಗೊಂದು ಡಬ್ಬಿ ಒಯ್ದೆ, ಲೇಬಲ್ಲು ಅಂಟಿಸದ್ದು.

"ಏನವ್ವ ಇದು, ಬೆಂಡೆ ಲೋಳೆಯಾ?"
ಅದರ ನೆಂಟ. ಗಿಡದಲ್ಲಿ ಬೆಳೆದದ್ದಲ್ಲ, ಕಾರ್ಖಾನೆಯಲ್ಲಿ ಹೆಣೆದದ್ದು.
"ಪ್ಲಾಸ್ಟಿಕ್ಕಾ?"
ದಾಯಾದಿ ಅನ್ನಬಹುದು.
"ಒಳಕ್ಕೋಯ್ತದಾ?"
ಇಲ್ಲ ದೊಡ್ಡವ್ವ, ಅದರ ಗಾತ್ರ ಹಾಗೆ.
ಕಬ್ಬು ಹೇರಿದ ಗಾಡಿ ಇಲಿಬಿಲಕ್ಕೆ ನುಗ್ಗೀತೆ?
"ಒಳಕ್ಕೂ ಓಗ್ದೆ ಇದ್ಮೇಲೆ ಇನ್ಯಾತುಕ್ಕವ್ವ?"
ಬಾಗಿಲಲ್ಲಿ ಕೂತು ನೀರು ಕಾಯುತ್ತದೆ,
ಹಚ್ಚಿದ ಔಷಧಿ ಜಾರದ ಹಾಗೆ ಹಿಡಿದಿರುತ್ತದೆ.
"ಕೂಲಿ ಏಸು ಕೊಡ್ತೀರ ಅದುಕ್ಕೆ?"

ಎಲ್ಲ ಹೇಳಲಿಲ್ಲ ನಾನು.
ಇದರ ಕೆಲವು ಹಳೆಯ ಬಗೆಗಳನ್ನು ಬೆಂಜೀನಿನಲ್ಲಿ ಮಾಡುತ್ತಿದ್ದದ್ದು,
ಚೀಲದ ಜೊತೆ ಬರುವ ಕಾಗದದಲ್ಲಿ
ಆ ಒಂದು ಸಾಲನ್ನೇ ನಾನು ಮೊದಲು ಹುಡುಕುವುದು,
ಹೋದ ತಿಂಗಳು ಕಡಿಮೆ ರೇಟಿನ ಮಾಲು ಕಾಗದವಿಲ್ಲದೆ ಬಂದದ್ದು,
ಮಾಲೀಕರು ಕಾಂತರಾಜೇ ಅರಸು
"ಅವನ ಮಾತೇ ಕಾಗದ" ಅಂದದ್ದು.
ಚೀಲದ ದಾರ ನಾನು ಬಿಚ್ಚಲಿಲ್ಲ.
ಎಂಟು ದಿನ ಮೂಲೆಯಲ್ಲಿ ಕೂತಿತ್ತು,
ನಾವಿಬ್ಬರೂ ಅದರ ಸುತ್ತ ಬಳಸಿ ನಡೆದೆವು.
ಒಂಬತ್ತನೆಯ ದಿನ ಗೂಡ್ಸ್ ಆಟೋ ಬಂದು ವಾಪಸು ಒಯ್ದಿತು.

ಅಷ್ಟರಲ್ಲಿ ದೊಡ್ಡವ್ವ
ಒಲೆಯ ಮುಂದಿನಿಂದ ಎದ್ದ ಕೈಯನ್ನು ಒರೆಸಿಕೊಳ್ಳದೆ
ಎರಡು ಬೆರಳು ಅದ್ದಿ ಅಂಗೈಗೆ ಉಜ್ಜಿದಳು.
ನಿಂತಿದ್ದ ನೀರು ನಡೆಯತೊಡಗಿತು.
ಗಾಜಿನಂತಿದ್ದದ್ದು ಬಿರುಕುಗಳ ಗುಂಟ ಹರಿದು
ಮಣಿಕಟ್ಟಿನಿಂದ ಬೂದಿಗೆ ತೊಟ್ಟಿಕ್ಕಿತು.

ಉಪ್ಪು.
ಉಪ್ಪು ಸೋಕಿದರೆ ಎಳೆಗಳು ಮುದುಡುತ್ತವೆಂದು
ಪರೀಕ್ಷೆಗೆ ಬರೆದು ಮಾರ್ಕು ತೆಗೆದಿದ್ದೆ.
ಅಂಗೈಯಲ್ಲಿ ನೋಡಿರಲಿಲ್ಲ.

"ನಿನ್ ಕಾರ್ಬಾನೋ ಗೀರ್ಬಾನೋ
ನನ್ ಬೆವರ್ಗೇ ಸೋತೋಯ್ತಲ್ಲೇ!"
ಬಾಯಿ ತುಂಬ ನಕ್ಕಳು. ಎಲೆ ಅಡಿಕೆಯ ಕೆಂಪು.
ತೊಳೆದ ಕೈಗೆ, ಆರಿದ ಮೇಲೆ, ಮಲಗುವ ಮುಂಚೆ ಹಚ್ಚು ಎಂದೆ.
"ಆ ಒತ್ಗೆ ನನ್ಗೆ ಕೈ ಇರೋದೇ ಗ್ಯಾನ ಇರಕಿಲ್ಲ ಕನವ್ವ."

ನಾಲೆಗಿಳಿದು ಕೈ ತೊಳೆದುಕೊಂಡಳು.
ಅದು ಗದ್ದೆಗಳ ಕಡೆ ಹೋಯಿತು.
ಎಷ್ಟು ವರ್ಷಕ್ಕೆ ಕರಗುತ್ತದೆ, ಮೀನಿಗೇನು, ಪೈರಿಗೇನು,
ಚೀಲದ ಕಾಗದದಲ್ಲಿ ಆ ಸಾಲು ಇಲ್ಲ.
ನಾನು ಕೇಳಿಯೂ ಇರಲಿಲ್ಲ.

ಸೋಮವಾರ ಮಾಸ್ಕು ಕಟ್ಟುವ ಮುಂಚೆ
ಬ್ಯಾಚು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ:
ದ್ಯಾವೀರಮ್ಮನ ಕೈಗೆ, ಬೆವರಿಗೆ ಹೆದರದ ಎಳೆ ಹುಡುಕು.
ನಾಲೆಯ ವಿಷಯ ಕೇಳು.
ಫ್ಯಾನು ಆರಿಸಿದೆ.